ತಿದ್ದುವವನ ಸಿದ್ಧತೆ

ತಪ್ಪನ್ನು ತಿದ್ದುವುದು ಸತ್ಕಾರ್ಯವೆಂಬುದನ್ನು ಲೋಕವೆಲ್ಲ ಒಪ್ಪುತ್ತದೆ. ತಂದೆಯು ಮಗನನ್ನು ತಿದ್ದುತ್ತಾನೆ. ಗುರುವು ಶಿಷ್ಯನನ್ನು ತಿದ್ದುತ್ತಾನೆ. ಅತ್ತೆಯು ಸೊಸೆಯನ್ನೂ, ಅಣ್ಣನು ತಮ್ಮನನ್ನೂ, ಗೆಳೆಯನು ಗೆಳೆಯನನ್ನೂ ತಿದ್ದುವುದುಂಟು. ತಿದ್ದುವವರೇ ಇಲ್ಲದ ಮನೆಯು ಬೇಲಿಯಿಲ್ಲದ ಹೊಲದಂತೆ ಆಗುತ್ತದೆಂದು ಹಿರಿಯರು ಹೇಳುವುದು ಸುಳ್ಳಲ್ಲ. ಆದರೆ ತಿದ್ದಿಸಿಕೊಂಡವರ ಅನುಭವವನ್ನು ಸಮೀಪದಿಂದ ಕೇಳಿದಾಗ ಬೇರೊಂದು ಸಂಗತಿಯೂ ಹೊರಬೀಳುತ್ತದೆ. ಅನೇಕರಲ್ಲಿ ಮೊದಲಿನ ತಪ್ಪು ಎಂದೋ ಅಳಿದುಹೋಗಿದ್ದು, ಅದನ್ನು ತಿದ್ದಿದ ರೀತಿಯಿಂದಾದ ಗಾಯವು ಮಾತ್ರ ಮುಪ್ಪಿನವರೆಗೂ ಉಳಿದಿರುತ್ತದೆ. ಬಾಲ್ಯದಲ್ಲಿ ಮಾಡಿದ ಲೆಕ್ಕದ ತಪ್ಪು ಯಾವುದೆಂದು ಮರೆತವನಿಗೂ, ಆ ದಿನ ತರಗತಿಯಲ್ಲಿ ಕೇಳಿಸಿದ ಮಾತು ಮರೆತಿರುವುದಿಲ್ಲ.

ಹಾಗಾದರೆ ತಿದ್ದುವಿಕೆಯು ಯಾವಾಗ ಉಪಕಾರವಾಗುತ್ತದೆ, ಯಾವಾಗ ಹೊಸದೊಂದು ಅಪಕಾರವಾಗಿ ಪರಿಣಮಿಸುತ್ತದೆ? ತಿದ್ದುವವನ ಉದ್ದೇಶವು ಒಳ್ಳೆಯದಾಗಿದ್ದರೆ ಸಾಕೆ? ಎದುರಿನವನ ತಪ್ಪು ನಿಜವಾಗಿದ್ದರೆ ಸಾಕೆ? ಅಥವಾ ಇವೆರಡರ ಮೇಲೆ ಇನ್ನೂ ಏನಾದರೂ ಬೇಕಾಗುತ್ತದೆಯೆ? ಇದು ಪ್ರತಿಯೊಂದು ಮನೆಯಲ್ಲಿಯೂ, ಪ್ರತಿಯೊಂದು ಪಾಠಶಾಲೆಯಲ್ಲಿಯೂ ದಿನನಿತ್ಯವೂ ಏಳುವ ಪ್ರಶ್ನೆ.

ಇಂಥ ಪ್ರಶ್ನೆಗೆ ಉತ್ತರವನ್ನು ಗ್ರಂಥಗಳಲ್ಲಿ ಮಾತ್ರವೇ ಅರಸಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಟ್ಟೆ ಒಗೆಯುವ ಮಾಚಿದೇವನಿದ್ದನು, ದೋಣಿ ನಡೆಸುವ ಚೌಡಯ್ಯನಿದ್ದನು, ಹಗ್ಗ ಹೊಸೆಯುವ ಚಂದಯ್ಯನಿದ್ದನು. ಕೈಯಲ್ಲಿ ಹಿಡಿದ ಉಪಕರಣವೇ ವಿಚಾರಕ್ಕೆ ದಾರಿಯಾಗಬಲ್ಲುದೆಂಬುದನ್ನು ಆ ಪರಂಪರೆಯು ಎಂದೋ ತೋರಿಸಿಕೊಟ್ಟಿದೆ. ಅದೇ ಬಗೆಯಲ್ಲಿ ಈ ಕಾಲದ ಒಂದು ಕಾಯಕವನ್ನು ಇಲ್ಲಿ ಪರಿಶೀಲಿಸಬಹುದು. ಮೋಟಾರು ಕಾರಿನ ಬಣ್ಣದ ಮೇಲಿನ ಗೀರುಗಳನ್ನು ತೆಗೆದು ಹೊಳಪು ತರುವ ಕೆಲಸವು ಇಂದು ದೇಶ ವಿದೇಶಗಳ ನಗರಗಳಲ್ಲಿ ಒಂದು ಪ್ರತ್ಯೇಕ ಕಸುಬಾಗಿ ಬೆಳೆದಿದೆ. ಆ ಕಸುಬಿನವರು ಅದನ್ನು ‘ಪೇಂಟ್ ಕರೆಕ್ಷನ್’, ಎಂದರೆ ಬಣ್ಣವನ್ನು ತಿದ್ದುವುದು, ಎಂಬ ಹೆಸರಿನಿಂದಲೇ ಕರೆಯುತ್ತಾರೆ. ಅವರು ಕಾರನ್ನು ಮುಟ್ಟುವ ಮೊದಲು ತಮ್ಮ ಕೈಯ ಪಾಲಿಶ್ ಪ್ಯಾಡನ್ನು ಸಿದ್ಧಗೊಳಿಸುವ ಕ್ರಮದಲ್ಲಿ, ಮೇಲಿನ ಪ್ರಶ್ನೆಗೆ ಸ್ಪಷ್ಟವಾದ ಒಂದು ಉತ್ತರ ಅಡಗಿದೆ.

ಮೊದಲು ತಿದ್ದಬೇಕಾದ ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಹೊರಗಿನಿಂದ ನೋಡುವವರಿಗೆ ಕಾರಿನ ಬಣ್ಣವು ಒಂದೇ ಪದರವೆಂದು ತೋರುತ್ತದೆ. ವಾಸ್ತವವಾಗಿ ಲೋಹದ ತಗಡಿನ ಮೇಲೆ ತುಕ್ಕು ಹಿಡಿಯದಂತೆ ಕಾಪಾಡುವ ಒಂದು ಲೇಪವೂ, ಅದರ ಮೇಲೆ ಪ್ರೈಮರೂ, ಅದರ ಮೇಲೆ ಬಣ್ಣದ ಪದರವೂ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕವಾದ ಲೇಪವೂ ಇರುತ್ತವೆ. ಈ ನಾಲ್ಕೂ ಕೂಡಿ ದಪ್ಪವು ಸಾಮಾನ್ಯವಾಗಿ 100ರಿಂದ 150 ಮೈಕ್ರಾನಿನಷ್ಟು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಮೇಲಿನ ಪಾರದರ್ಶಕ ಲೇಪವೊಂದನ್ನೇ ತೆಗೆದುಕೊಂಡರೆ ಅದು ಸುಮಾರು 35ರಿಂದ 50 ಮೈಕ್ರಾನ್. ಎಂದರೆ ಮನುಷ್ಯನ ತಲೆಗೂದಲಿಗಿಂತಲೂ ತೆಳುವಾದುದು. ಕಾರಿನ ಹೊಳಪೆಲ್ಲವೂ ಈ ಕೂದಲಿಗಿಂತ ತೆಳುವಾದ ಲೇಪದಲ್ಲಿಯೇ ಇದೆ. ಸೂರ್ಯನ ನೇರಳಾತೀತ ಕಿರಣಗಳಿಂದ ಒಳಗಿನ ಬಣ್ಣವನ್ನು ಕಾಯುವುದೂ ಅದೇ.

ಈ ವ್ಯವಸ್ಥೆಯು ಮೊದಲಿನಿಂದಲೂ ಇದ್ದುದಲ್ಲ. ಮೋಟಾರುಗಳ ಆರಂಭಕಾಲದಲ್ಲಿ ಎಣ್ಣೆಯ ವಾರ್ನಿಶನ್ನು ಕುಂಚದಿಂದ ಬಳಿಯುತ್ತಿದ್ದು, ಅದು ಒಣಗುವುದಕ್ಕೆ ವಾರಗಟ್ಟಲೆ ಕಾಲ ಹಿಡಿಯುತ್ತಿತ್ತು. ಅಮೆರಿಕೆಯ ಜನರಲ್ ಮೋಟರ್ಸ್ ಸಂಸ್ಥೆಯು ಡ್ಯೂಪಾಂಟ್ ಸಂಸ್ಥೆಯ ‘ಡ್ಯೂಕೊ’ ಎಂಬ ಬೇಗ ಒಣಗುವ ಲ್ಯಾಕರನ್ನು 1924ರ ಓಕ್‌ಲ್ಯಾಂಡ್ ಕಾರುಗಳಿಗೆ ಬಳಸಿದ ಬಳಿಕ ಈ ಕೆಲಸದ ರೀತಿಯೇ ಬದಲಾಯಿತು. ಆ ಲ್ಯಾಕರು ಒಣಗಿದೊಡನೆ ತಾನಾಗಿ ಹೊಳೆಯುತ್ತಿರಲಿಲ್ಲ. ಅದನ್ನು ಉಜ್ಜಿ ಹೊಳಪು ತರಬೇಕಾಗುತ್ತಿತ್ತು. ಪಾರದರ್ಶಕ ಲೇಪವನ್ನು ಮೇಲೆ ಹಾಕುವ ಪದ್ಧತಿಯು 1980ರ ದಶಕದಲ್ಲಿ ವ್ಯಾಪಕವಾಯಿತು. ಅಂದಿನಿಂದ ಉಜ್ಜುವ ಕೆಲಸವು ಹೊಳಪನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ, ಕಳೆದುಹೋದ ಹೊಳಪನ್ನು ಮರಳಿ ತರುವ ಕೆಲಸವಾಗಿದೆ.

ಆ ಹೊಳಪು ಕಳೆದುಹೋಗುವುದಾದರೂ ಹೇಗೆ? ಇಲ್ಲಿಯೇ ಮೊದಲನೆಯ ಪಾಠ ದೊರೆಯುತ್ತದೆ. ಬಿಸಿಲಿನಲ್ಲಿ ನಿಂತ ಕಪ್ಪು ಕಾರೊಂದನ್ನು ನೋಡಿದರೆ, ಸೂರ್ಯನ ಪ್ರತಿಬಿಂಬದ ಸುತ್ತಲೂ ಜೇಡರ ಬಲೆಯಂತೆ ಸುತ್ತುಸುತ್ತಾದ ಸೂಕ್ಷ್ಮ ಗೀರುಗಳು ಕಾಣುತ್ತವೆ. ಆ ಗೀರುಗಳು ನಿಜವಾಗಿ ವೃತ್ತಾಕಾರವಾಗಿ ಇರಬೇಕೆಂದಿಲ್ಲ. ಅವು ಎಲ್ಲ ದಿಕ್ಕಿಗೂ ಹರಡಿದ್ದು, ಬೆಳಕಿಗೆ ಅಡ್ಡವಾಗಿರುವವು ಮಾತ್ರ ಕಣ್ಣಿಗೆ ಹೊಳೆದು ಬಳೆಯಂತೆ ತೋರುತ್ತವೆ. ಇವುಗಳಲ್ಲಿ ಹೆಚ್ಚಿನವು ಯಾರೋ ವೈರಿಗಳು ಕೊರೆದವಲ್ಲ. ಕಾರನ್ನು ಚೊಕ್ಕಟವಾಗಿಡುವ ಪ್ರಯತ್ನದಲ್ಲಿಯೇ ಆದವು. ಬೆಂಗಳೂರಿನಂಥ ನಗರಗಳಲ್ಲಿ ಪ್ರತಿದಿನ ಬೆಳಗಿನ ಜಾವ ಒಂದೇ ಬಟ್ಟೆಯಿಂದ ಸಾಲು ಸಾಲು ಕಾರುಗಳ ಧೂಳನ್ನು ಒರೆಸುವ ಪದ್ಧತಿಯಿದೆ. ಒಂದು ಕಾರಿನ ಮರಳಿನ ಕಣಗಳು ಆ ಬಟ್ಟೆಯಲ್ಲಿ ಸಿಕ್ಕಿ ಮುಂದಿನ ಕಾರನ್ನು ಗೀರುತ್ತವೆ. ಒರೆಸಿದವನಿಗೆ ಕೇಡಿನ ಬುದ್ಧಿ ಲವಲೇಶವೂ ಇಲ್ಲ. ಅವನು ಧೂಳನ್ನು ತೆಗೆದದ್ದೂ ನಿಜ. ಆದರೂ ಗೀರು ಬಿದ್ದಿತು. ಸದುದ್ದೇಶವೊಂದೇ ಸಾಲದೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನವು ಬೇಕಿಲ್ಲ.

ಇನ್ನು ಆ ಗೀರುಗಳನ್ನು ತೆಗೆಯುವ ವಿಧಾನ. ಗೀರು ಒಂದು ಹಳ್ಳ. ಹಳ್ಳವನ್ನು ತುಂಬಿ ತಿದ್ದುತ್ತಾರೆಂದು ಅನೇಕರು ತಿಳಿಯುವುದುಂಟು. ಅದು ಹಾಗಲ್ಲ. ಹಳ್ಳದ ತಳದವರೆಗೆ ಸುತ್ತಲಿನ ನೆಲವನ್ನೇ ತಗ್ಗಿಸಿದಾಗ ಹಳ್ಳವು ಇಲ್ಲವಾಗುತ್ತದೆ. ಕಾಂಪೌಂಡ್ ಎಂಬ ದ್ರವದಲ್ಲಿರುವ ಸೂಕ್ಷ್ಮವಾದ ಹರಳುಗಳು ಪಾರದರ್ಶಕ ಲೇಪವನ್ನು ಅತ್ಯಲ್ಪ ಪ್ರಮಾಣದಲ್ಲಿ ಕೆರೆದು ತೆಗೆಯುತ್ತವೆ. ಈ ಹರಳುಗಳು ಬಹುಮಟ್ಟಿಗೆ ಅಲ್ಯೂಮಿನಿಯಂ ಆಕ್ಸೈಡಿನವು. ಸಾಣೆ ಹಿಡಿಯುವ ಕುರುಂದವೂ, ಆಭರಣದ ಮಾಣಿಕ್ಯವೂ ಮೂಲತಃ ಇದೇ ದ್ರವ್ಯ. ಹೊಳಪು ಬರುವುದೆಂದರೆ ದೊಡ್ಡ ಗೀರುಗಳ ಸ್ಥಳದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಬರುವುದೇ ಎಂಬ ವಿಚಾರವನ್ನು, ಗಾಜನ್ನು ಉಜ್ಜುವ ವಿಷಯದಲ್ಲಿ ಐಸಾಕ್ ನ್ಯೂಟನನು 1704ರಲ್ಲಿ ಪ್ರಕಟವಾದ ತನ್ನ ‘ಆಪ್ಟಿಕ್ಸ್’ ಗ್ರಂಥದಲ್ಲಿ ಮಂಡಿಸಿದ್ದನು.

ಇದರಿಂದ ಒಂದು ಗಂಭೀರವಾದ ಸಂಗತಿಯು ಸಿದ್ಧವಾಗುತ್ತದೆ. ಪ್ರತಿಯೊಂದು ತಿದ್ದುವಿಕೆಯೂ ತಿದ್ದಿಸಿಕೊಂಡ ವಸ್ತುವಿನಿಂದ ಏನನ್ನೋ ತೆಗೆದುಕೊಳ್ಳುತ್ತದೆ. ತೆಗೆದುಕೊಂಡದ್ದು ಮರಳಿ ಬರುವುದಿಲ್ಲ. ಆದುದರಿಂದಲೇ ಬಲ್ಲ ಕೆಲಸಗಾರನು ಮೊದಲು ಲೇಪದ ದಪ್ಪವನ್ನು ಮಾಪಕದಿಂದ ಅಳೆಯುತ್ತಾನೆ. ತರುವಾಯ ಒಂದು ಚಿಕ್ಕ ಭಾಗದ ಮೇಲೆ ಎಲ್ಲಕ್ಕಿಂತ ಮೃದುವಾದ ಪ್ಯಾಡನ್ನೂ, ಎಲ್ಲಕ್ಕಿಂತ ನಯವಾದ ಪಾಲಿಶನ್ನೂ ಪ್ರಯೋಗಿಸಿ ನೋಡುತ್ತಾನೆ. ಅದರಿಂದ ಸಾಧ್ಯವಾಗದಿದ್ದಾಗ ಮಾತ್ರ ಒಂದು ಮೆಟ್ಟಿಲು ಒರಟಾದುದಕ್ಕೆ ಹೋಗುತ್ತಾನೆ. ಆಳವಾದ ಒಂದು ಗೀರನ್ನು ಪೂರ್ಣವಾಗಿ ತೆಗೆಯಹೋದರೆ ಲೇಪವೇ ತೀರಿಹೋಗುವುದೆಂದು ಕಂಡಾಗ, ಆ ಗೀರನ್ನು ಸ್ವಲ್ಪ ಮಂಕಾಗಿಸಿ ಅಲ್ಲಿಗೇ ಬಿಡುವುದೂ ಅವನ ವಿವೇಕದ ಒಂದು ಭಾಗ. ಎಲ್ಲ ತಪ್ಪನ್ನೂ ಬೇರುಸಹಿತ ಕಿತ್ತೇ ತೀರುವೆನೆಂಬ ಹಟವು ಈ ಕಾಯಕದಲ್ಲಿ ಶೌರ್ಯವಲ್ಲ, ಅಜ್ಞಾನ.

ಈಗ ಪ್ಯಾಡಿನ ವಿಷಯಕ್ಕೆ ಬರಬಹುದು. ತಿದ್ದುವ ಹರಳುಗಳನ್ನು ಹೊತ್ತು ಬಣ್ಣದ ಮೇಲೆ ಆಡುವ ಉಪಕರಣವೇ ಪ್ಯಾಡ್. ಕುರಿಯ ಉಣ್ಣೆಯ ಪ್ಯಾಡುಗಳಿವೆ; ಮೈಕ್ರೋಫೈಬರ್ ಎಂಬ ಅತಿ ಸಣ್ಣ ಎಳೆಗಳವು ಇವೆ; ಪಾಲಿಯುರಿಥೇನ್ ಫೋಮಿನಿಂದ ಮಾಡಿದ, ಗಟ್ಟಿ, ಮಧ್ಯಮ, ಮೃದು ಎಂಬ ಭೇದಗಳುಳ್ಳವೂ ಇವೆ. ಪ್ಯಾಡನ್ನು ವೆಲ್ಕ್ರೋ ಪಟ್ಟಿಯ ಮೂಲಕ ಯಂತ್ರದ ತಟ್ಟೆಗೆ ಅಂಟಿಸುತ್ತಾರೆ. ಯಂತ್ರವು ಅದನ್ನು ನಿಮಿಷಕ್ಕೆ ಸಾವಿರಾರು ಸಲ ಆಡಿಸುತ್ತದೆ. ಈ ಕೆಲಸವನ್ನು ಹೊಸದಾಗಿ ಕಲಿಯುವವನ ಗಮನವೆಲ್ಲ ಯಂತ್ರದ ಶಕ್ತಿಯ ಮೇಲೆಯೂ, ಕಾಂಪೌಂಡಿನ ಖ್ಯಾತಿಯ ಮೇಲೆಯೂ ಇರುತ್ತದೆ. ನುರಿತವನ ಗಮನವು ಪ್ಯಾಡಿನ ಮೇಲೆ ಇರುತ್ತದೆ. ಏಕೆಂದರೆ ಬಣ್ಣವನ್ನು ಮುಟ್ಟುವುದು ಯಂತ್ರವಲ್ಲ, ಪ್ಯಾಡ್.

ಹೊಸ ಪ್ಯಾಡನ್ನು ಚೀಲದಿಂದ ತೆಗೆದು ನೇರವಾಗಿ ಕಾರಿನ ಮೇಲೆ ಇಡುವುದಿಲ್ಲ. ಮೊದಲು ಅದರ ಮೋರೆಯನ್ನು ಕೈಯಿಂದ ಸವರಿ, ಸಡಿಲವಾದ ಎಳೆಗಳನ್ನೂ ಚೂರುಗಳನ್ನೂ ಬ್ರಶ್ಶಿನಿಂದ ಕೊಡವುತ್ತಾರೆ. ಅದು ತಟ್ಟೆಯ ನಟ್ಟನಡುವೆ ಕುಳಿತಿದೆಯೇ ಎಂದು ನೋಡುತ್ತಾರೆ. ಓರೆಯಾಗಿ ಕುಳಿತರೆ ಯಂತ್ರವು ನಡುಗುತ್ತದೆ, ಕೆಲಸವು ಒಂದೇ ಸಮನಾಗಿ ಆಗುವುದಿಲ್ಲ. ಅನಂತರ ಕಾಂಪೌಂಡನ್ನು ಪ್ಯಾಡಿನ ಮೋರೆಯ ಮೇಲೆಲ್ಲ ಹಾಕಿ, ಬೆರಳಿನಿಂದ ತೆಳುವಾಗಿ ಸವರಿ, ಅದರ ಪ್ರತಿಯೊಂದು ರಂಧ್ರಕ್ಕೂ, ಪ್ರತಿಯೊಂದು ಎಳೆಯ ತುದಿಗೂ ತಾಗುವಂತೆ ಉಜ್ಜುತ್ತಾರೆ. ಹೆಚ್ಚಾದುದನ್ನು ಒರೆಸಿ ತೆಗೆಯುತ್ತಾರೆ. ಇದಕ್ಕೆ ಪ್ಯಾಡನ್ನು ‘ಪ್ರೈಮ್’ ಮಾಡುವುದೆಂದು ಹೆಸರು. ಇದಾದ ಮೇಲೆ ಒಂದೊಂದು ಭಾಗಕ್ಕೆ ಬಟಾಣಿಯಷ್ಟು ದೊಡ್ಡ ಮೂರು ನಾಲ್ಕು ಹನಿಗಳು ಸಾಕಾಗುತ್ತವೆ.

ಹೀಗೆ ಮಾಡದಿದ್ದರೆ ಏನಾಗುತ್ತದೆ? ಒಣ ಪ್ಯಾಡಿನ ನಡುವೆ ಕಾಂಪೌಂಡಿನ ಹನಿಗಳನ್ನು ಹಾಕಿ ಯಂತ್ರವನ್ನು ನಡೆಸಿದರೆ, ಹನಿ ಬಿದ್ದ ಕಡೆಯಲ್ಲಿ ಹರಳುಗಳು ಕೆಲಸ ಮಾಡುತ್ತವೆ. ಉಳಿದ ಕಡೆಯಲ್ಲಿ ಒಣ ಫೋಮು ಬಣ್ಣವನ್ನು ಸುಮ್ಮನೆ ಉಜ್ಜುತ್ತದೆ. ಅದರಿಂದ ಬಿಸಿ ಏರುತ್ತದೆ. ನಯವಾದ ಲೇಪದ ಮೇಲೆ ಹೊಸ ಸೂಕ್ಷ್ಮ ಗೀರುಗಳ ಮಬ್ಬು ಮೂಡುತ್ತದೆ. ಪ್ಯಾಡಿನ ಅಂಚು ಬೇಗ ಹರಿಯುತ್ತದೆ. ಕೆಲಸವು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆಗುತ್ತದೆ. ಈ ದೋಷಕ್ಕೆ ಕಾಂಪೌಂಡು ಕಾರಣವಲ್ಲ, ಯಂತ್ರವೂ ಕಾರಣವಲ್ಲ. ಅನೇಕ ಸಲ ಕೆಲಸಗಾರನು ‘ಈ ಕಾರಿನ ಬಣ್ಣವೇ ಮೆದು’ ಎಂದು ಬಣ್ಣವನ್ನು ದೂರುವುದುಂಟು. ಕೆಲವು ಕಾರುಗಳ ಲೇಪವು ಮೆದುವಾಗಿರುವುದೂ ನಿಜವೇ. ಆದರೆ ಮೆದುವಾದುದಕ್ಕೆ ಹೆಚ್ಚಿನ ಸಿದ್ಧತೆ ಬೇಕೆಂಬುದು ಅದರಿಂದ ಹೊರಡುವ ಅರ್ಥವೇ ಹೊರತು, ಗೀರಿದವನಿಗೆ ಬಿಡುಗಡೆಯೆಂದಲ್ಲ.

ಮನುಷ್ಯರ ವ್ಯವಹಾರದಲ್ಲಿಯೂ ಇದೇ ನಡೆಯುತ್ತದೆ. ತಂದೆಯು ದಿನವಿಡೀ ಹೊರಗೆ ದುಡಿದು, ಅಲ್ಲಿಯ ಬೇಗೆಯನ್ನು ಹೊತ್ತು ಮನೆಗೆ ಬಂದೊಡನೆ ಮಗನ ಅಂಕಪಟ್ಟಿಯನ್ನು ನೋಡುತ್ತಾನೆ. ಹೇಳಬೇಕಾದ ಮಾತು ಒಂದು ಹನಿಯಷ್ಟಿದೆ. ಅದು ಯುಕ್ತವೂ ಆಗಿದೆ. ಆದರೆ ಆ ಒಂದು ಮಾತಿನ ಸುತ್ತಲೂ ಒಣಗಿದ ಮನಸ್ಸಿನ ಉಜ್ಜುವಿಕೆಯೇ ಹೆಚ್ಚು. ಮಗನ ಗೆಳೆಯರ ಪ್ರಸ್ತಾಪ ಬರುತ್ತದೆ; ಹೋದ ವರ್ಷದ ಪ್ರಸ್ತಾಪ ಬರುತ್ತದೆ; ತಾಯಿಯ ಮನೆತನದ ಮಾತೂ ಬರುತ್ತದೆ. ಹುಡುಗನಿಗೆ ತಾಗಬೇಕಾದ ಒಂದು ಮಾತು ಎಲ್ಲಿಯೋ ಮೂಲೆಯಲ್ಲಿ ಉಳಿದು, ಉಳಿದ ಬಿಸಿಯೇ ಅವನನ್ನು ತಾಗುತ್ತದೆ. ಮರುದಿನ ತಂದೆಯು ‘ಈಗಿನ ಮಕ್ಕಳಿಗೆ ಒಂದು ಮಾತೂ ಹೇಳುವಂತಿಲ್ಲ, ಬಹಳ ಮೆದು’ ಎನ್ನುತ್ತಾನೆ. ಆ ತಂದೆಯ ಪ್ರೀತಿಯೂ ಸುಳ್ಳಲ್ಲ, ಮಗನ ತಪ್ಪೂ ಸುಳ್ಳಲ್ಲ. ಕೊರತೆಯಿದ್ದುದು ಅವೆರಡರ ನಡುವಿನ ಉಪಕರಣದಲ್ಲಿ. ಹಿತವು ಅವನ ಮನಸ್ಸಿನ ಒಂದು ಬಿಂದುವಿನಲ್ಲಿ ಇದ್ದಿತೇ ಹೊರತು ಅವನ ಧ್ವನಿಗೂ, ನೋಟಕ್ಕೂ, ಆಯ್ದುಕೊಂಡ ಹೊತ್ತಿಗೂ ಹರಡಿರಲಿಲ್ಲ.

ಇದಕ್ಕೆ ವಿರುದ್ಧವಾದ ದೋಷವೂ ಒಂದುಂಟು. ಸಿದ್ಧತೆಯು ಒಳ್ಳೆಯದೆಂದು ತಿಳಿದು ಕಾಂಪೌಂಡನ್ನು ಪ್ಯಾಡಿಗೆ ಧಾರಾಳವಾಗಿ ಮೆತ್ತಿದರೆ, ಅದರ ರಂಧ್ರಗಳೆಲ್ಲ ತುಂಬಿ ಕಟ್ಟಿಹೋಗುತ್ತವೆ. ಪ್ಯಾಡು ಬಣ್ಣವನ್ನು ಮುಟ್ಟದೆ ಕೊಬ್ಬಿನಂಥ ಒಂದು ಪೊರೆಯ ಮೇಲೆ ಜಾರುತ್ತದೆ. ಗೀರು ಇದ್ದಂತೆಯೇ ಇರುತ್ತದೆ. ಅತಿಯಾದ ಮೃದುಮಾತಿನಿಂದ ಆರಂಭಿಸಿ, ಪೀಠಿಕೆಯ ಮೇಲೆ ಪೀಠಿಕೆಯನ್ನಿಟ್ಟು, ಕಡೆಗೆ ಹೇಳಬೇಕಾದ ಮಾತನ್ನೇ ಹೇಳದೆ ಎದ್ದುಹೋಗುವ ಹಿತೈಷಿಗಳು ಈ ವರ್ಗಕ್ಕೆ ಸೇರಿದವರು. ಕೇಳಿದವನು ಸಂತೋಷದಿಂದ ಮನೆಗೆ ಹೋಗುತ್ತಾನೆ. ಏನು ತಿದ್ದಿಕೊಳ್ಳಬೇಕೆಂಬುದು ಮಾತ್ರ ಅವನಿಗೆ ತಿಳಿದಿರುವುದಿಲ್ಲ. ಸಿದ್ಧತೆಯೆಂದರೆ ಮಾತನ್ನು ಮರೆಸುವುದಲ್ಲ. ಮಾತು ಎಲ್ಲ ಕಡೆಯೂ ಸಮನಾಗಿ, ತೆಳುವಾಗಿ ತಾಗುವಂತೆ ಮಾಡಿಕೊಳ್ಳುವುದು.

ಇಷ್ಟು ಆರಂಭದ ಸಿದ್ಧತೆ. ಆದರೆ ಸಿದ್ಧತೆಯು ಆರಂಭಕ್ಕೆ ಮಾತ್ರ ಸೀಮಿತವಾದುದಲ್ಲವೆಂಬುದೇ ಈ ಕಾಯಕದ ಮುಖ್ಯವಾದ ರಹಸ್ಯ. ಕೆಲಸಗಾರನು ಕಾರಿನ ಮೈಯನ್ನು ಸುಮಾರು ಎರಡು ಅಡಿ ಚೌಕದ ಭಾಗಗಳಾಗಿ ಮನಸ್ಸಿನಲ್ಲಿಯೇ ವಿಂಗಡಿಸಿ, ಒಂದೊಂದಾಗಿ ತಿದ್ದುತ್ತ ಹೋಗುತ್ತಾನೆ. ಒಂದು ಭಾಗ ಮುಗಿಯುವಷ್ಟರಲ್ಲಿ, ಕೆರೆದು ತೆಗೆದ ಲೇಪದ ಹುಡಿಯೂ, ಬಳಲಿದ ಕಾಂಪೌಂಡೂ ಸೇರಿ ಪ್ಯಾಡಿನ ಮೋರೆಯ ಮೇಲೆ ಒಂದು ಜಿಡ್ಡಾಗಿ ಕುಳಿತಿರುತ್ತದೆ. ಅದನ್ನು ಹಾಗೆಯೇ ಬಿಟ್ಟು ಮುಂದಿನ ಭಾಗಕ್ಕೆ ಹೋದರೆ ಆ ಜಿಡ್ಡು ಗಟ್ಟಿಯಾಗಿ, ಉಂಡೆಗಟ್ಟಿ, ಹೊಸ ಭಾಗವನ್ನು ಗೀರುತ್ತದೆ. ಪ್ಯಾಡು ಬಿಸಿಯಾಗುತ್ತದೆ, ತಿದ್ದುವ ಶಕ್ತಿ ಇಳಿಯುತ್ತದೆ. ಶಕ್ತಿ ಇಳಿಯಿತೆಂದು ಕೆಲಸಗಾರನು ಇನ್ನೂ ಬಲವಾಗಿ ಒತ್ತುತ್ತಾನೆ. ಒತ್ತಿದಷ್ಟೂ ಬಿಸಿಯು ಹೆಚ್ಚುತ್ತದೆ. ಆದುದರಿಂದ ಪ್ರತಿಯೊಂದು ಭಾಗವು ಮುಗಿದೊಡನೆ ಯಂತ್ರವನ್ನು ಎತ್ತಿ, ಪ್ಯಾಡನ್ನು ನೈಲಾನ್ ಬ್ರಶ್ಶಿನಿಂದ ಉಜ್ಜಿಯೋ, ಒತ್ತಡದ ಗಾಳಿಯನ್ನು ಊದಿಯೋ, ಆ ಹುಡಿಯನ್ನು ತೆಗೆಯಲೇಬೇಕು. ಒಂದು ಕಾರಿಗೆ ಒಂದೇ ಪ್ಯಾಡು ಸಾಲುವುದಿಲ್ಲ. ಬಿಸಿಯಾದುದನ್ನು ಆರಲಿಟ್ಟು ಬೇರೊಂದನ್ನು ತೆಗೆದುಕೊಳ್ಳುತ್ತಾರೆ. ದಿನದ ಕೊನೆಯಲ್ಲಿ ಎಲ್ಲವನ್ನೂ ತೊಳೆದು ಒಣಗಿಸುತ್ತಾರೆ. ಹುಡಿಯು ಒಳಗೆ ಒಣಗಿ ಗಟ್ಟಿಯಾದ ಮೇಲೆ ಅದನ್ನು ತೆಗೆಯುವುದು ಕಷ್ಟ.

ಇಲ್ಲಿ ವಾಚಕರು ಸ್ವಲ್ಪ ನಿಂತು ವಿಚಾರಿಸಬೇಕು. ಎರಡನೆಯ ಭಾಗವನ್ನು ಗೀರಿದ ಹುಡಿಯು ಎಲ್ಲಿಂದ ಬಂದಿತು? ಮೊದಲನೆಯ ಭಾಗವನ್ನು ಸರಿಯಾಗಿ ತಿದ್ದಿದುದರಿಂದಲೇ ಬಂದಿತು. ಪ್ಯಾಡು ತನ್ನ ಧರ್ಮವನ್ನು ಪಾಲಿಸಿತು, ಪಾಲಿಸಿದುದರಿಂದಲೇ ಕೊಳೆಯಾಯಿತು. ತಿದ್ದುವವನು ತಾನು ತೆಗೆದ ದೋಷವನ್ನು ತನ್ನ ಮೈಮೇಲೆಯೇ ಹೊರುತ್ತಾನೆ. ಇದು ಅವನ ಅಪರಾಧವಲ್ಲ. ಅದನ್ನು ಕೊಡವಿಕೊಳ್ಳದೆ ಮುಂದಿನವನ ಬಳಿಗೆ ಹೋಗುವುದು ಅಪರಾಧ.

ಪಾಠಶಾಲೆಯ ಒಬ್ಬ ಉಪಾಧ್ಯಾಯನನ್ನು ಊಹಿಸಿಕೊಳ್ಳಬಹುದು. ಮುಂಜಾನೆ ಮೊದಲನೆಯ ಹುಡುಗನು ಸುಳ್ಳು ಹೇಳಿ ಸಿಕ್ಕಿಬೀಳುತ್ತಾನೆ. ಉಪಾಧ್ಯಾಯನು ಅವನಿಗೆ ನ್ಯಾಯವಾಗಿಯೇ ಬುದ್ಧಿ ಹೇಳುತ್ತಾನೆ. ಅರ್ಧ ಗಂಟೆಯ ಬಳಿಕ ಎರಡನೆಯ ಹುಡುಗನು ಪುಸ್ತಕವನ್ನು ತಂದಿಲ್ಲವೆಂದು ಹೇಳಿ, ಅದಕ್ಕೆ ನಿಜವಾದ ಕಾರಣವನ್ನೇ ಕೊಡುತ್ತಾನೆ. ಆದರೆ ಉಪಾಧ್ಯಾಯನ ಕಿವಿಯಲ್ಲಿ ಇನ್ನೂ ಮೊದಲಿನ ಸುಳ್ಳಿದೆ. ನಿಜವು ಅಲ್ಲಿ ಸುಳ್ಳಾಗಿ ಕೇಳಿಸುತ್ತದೆ. ಮೂರನೆಯವನು ಬಾಯಿ ತೆರೆಯುವುದಕ್ಕೂ ಅಂಜುತ್ತಾನೆ. ಆ ಅಂಜಿಕೆಯೇ ಅವನ ಅಪರಾಧಕ್ಕೆ ಸಾಕ್ಷಿಯಾಗಿ ತೋರುತ್ತದೆ. ಸಂಜೆಯ ಹೊತ್ತಿಗೆ ಇಡೀ ತರಗತಿಯೇ ಸುಳ್ಳುಗಾರರದೆಂದು ಆ ಉಪಾಧ್ಯಾಯನು ಪ್ರಾಮಾಣಿಕವಾಗಿ ನಂಬುತ್ತಾನೆ. ಅವನ ನಂಬಿಕೆಯನ್ನು ಕಟ್ಟಿದುದು ಮೊದಲನೆಯ ಹುಡುಗನಿಂದ ತೆಗೆದ ಹುಡಿ. ದೀರ್ಘಕಾಲ ನ್ಯಾಯತೀರ್ಮಾನ ಮಾಡಿದ ಪಂಚರಲ್ಲಿಯೂ, ಜನರ ಲೋಪಗಳನ್ನೇ ದಿನವೆಲ್ಲ ನೋಡುವ ಅಧಿಕಾರಿಗಳಲ್ಲಿಯೂ, ಉಪದೇಶವನ್ನೇ ವೃತ್ತಿಯಾಗಿ ಉಳ್ಳವರಲ್ಲಿಯೂ ಈ ಹುಡಿಯು ಕಟ್ಟಿಕೊಳ್ಳುವುದುಂಟು. ಅವರು ಕೆಟ್ಟವರಾದುದರಿಂದ ಕಠಿಣರಾದುದಲ್ಲ. ಬಹಳ ಕಾಲ ಒಳ್ಳೆಯ ಕೆಲಸವನ್ನು ಮಾಡಿ, ನಡುನಡುವೆ ತಮ್ಮನ್ನು ತೊಳೆದುಕೊಳ್ಳದೆ ಇದ್ದುದರಿಂದ ಕಠಿಣರಾದರು.

ಈ ಕಾಯಕದಲ್ಲಿ ಇನ್ನೂ ಕೆಲವು ನಿಯಮಗಳಿವೆ. ನೆಲಕ್ಕೆ ಬಿದ್ದ ಪ್ಯಾಡನ್ನು, ಅದು ಹೊಸದೇ ಆಗಿದ್ದರೂ, ತೊಳೆಯದೆ ಮತ್ತೆ ಬಳಸುವುದಿಲ್ಲ. ಕಣ್ಣಿಗೆ ಕಾಣದ ಒಂದು ಮರಳಿನ ಕಣವು ಸಾಕು, ಗಂಟೆಗಳ ಕೆಲಸವನ್ನು ಹಾಳುಮಾಡುವುದಕ್ಕೆ. ಒರಟು ಕಾಂಪೌಂಡನ್ನು ಹಚ್ಚಿದ ಪ್ಯಾಡಿಗೆ ನಯವಾದ ಪಾಲಿಶನ್ನು ಹಚ್ಚುವುದಿಲ್ಲ. ಒಳಗೆ ಉಳಿದ ಒರಟು ಹರಳು ನಯದ ಕೆಲಸವನ್ನು ನಡೆಯಗೊಡುವುದಿಲ್ಲ. ಬೈದ ನಾಲಗೆಯಿಂದಲೇ ಮರುಕ್ಷಣದಲ್ಲಿ ಸಮಾಧಾನವನ್ನು ಹೇಳಹೋದರೆ ಕೇಳುವವನಿಗೆ ಬೈಗುಳವೇ ಕೇಳಿಸುವುದು ಈ ಕಾರಣದಿಂದಲೇ. ಮತ್ತೊಂದು ಚಿಕ್ಕ ಉಪಾಯವೂ ಗಮನಾರ್ಹವಾದುದು. ಅನೇಕ ಕೆಲಸಗಾರರು ಪ್ಯಾಡನ್ನು ಹಿಡಿದ ತಟ್ಟೆಯ ಅಂಚಿನ ಮೇಲೆ ಒಂದು ಕಪ್ಪು ಗೆರೆಯನ್ನು ಎಳೆದಿರುತ್ತಾರೆ. ಯಂತ್ರವು ಸದ್ದು ಮಾಡುತ್ತಿರುವಾಗ ಪ್ಯಾಡು ನಿಜವಾಗಿ ತಿರುಗುತ್ತಿದೆಯೋ, ಅಥವಾ ಹೆಚ್ಚು ಒತ್ತಿದುದರಿಂದಲೋ ಓರೆಯಾಗಿ ಹಿಡಿದುದರಿಂದಲೋ ನಿಂತ ಕಡೆಯೇ ನಡುಗುತ್ತಿದೆಯೋ ಎಂಬುದನ್ನು ಆ ಗೆರೆ ತೋರಿಸುತ್ತದೆ. ಸದ್ದು ಇದ್ದ ಮಾತ್ರಕ್ಕೆ ಕೆಲಸವು ನಡೆಯುತ್ತಿದೆಯೆಂದು ತಿಳಿಯಬಾರದು. ತಿದ್ದುವವನಿಗೂ ತನ್ನನ್ನು ತಾನು ನೋಡಿಕೊಳ್ಳುವುದಕ್ಕೆ ಅಂಥ ಒಂದು ಗುರುತು ಇರಬೇಕು. ತನ್ನ ಧ್ವನಿ ಏರಿತೆ, ಹೇಳಿದ ಮಾತನ್ನೇ ಮೂರನೆಯ ಸಲ ಹೇಳುತ್ತಿರುವೆನೆ ಎಂಬ ಇಷ್ಟು ಎಚ್ಚರವಿದ್ದರೂ ಅದು ಆ ಗೆರೆಯ ಕೆಲಸವನ್ನು ಮಾಡುತ್ತದೆ.

ಇಷ್ಟೆಲ್ಲ ಶ್ರಮವೇಕೆ, ಗೀರುಗಳನ್ನು ಮುಚ್ಚಿಬಿಟ್ಟರೆ ಆಗದೆ ಎಂಬ ಯೋಚನೆಯೂ ಈ ಕಸುಬಿನಲ್ಲಿ ಇಲ್ಲದಿಲ್ಲ. ಗೀರುಗಳೊಳಗೆ ಎಣ್ಣೆಯಂಥ ದ್ರವ್ಯವನ್ನು ತುಂಬಿ ಕಾರನ್ನು ಕನ್ನಡಿಯಂತೆ ಹೊಳೆಯಿಸುವ ಪದಾರ್ಥಗಳಿವೆ. ಒಡೆಯನು ಹಿಗ್ಗಿ ಹಣವನ್ನು ಕೊಟ್ಟು ಕಾರನ್ನು ಒಯ್ಯುತ್ತಾನೆ. ಕೆಲವು ಸಲ ತೊಳೆದ ಮೇಲೆ ಗೀರುಗಳೆಲ್ಲ ಮತ್ತೆ ತೋರುತ್ತವೆ. ಆದುದರಿಂದ ಪ್ರಾಮಾಣಿಕನಾದ ಕೆಲಸಗಾರನು ತಿದ್ದಿದ ಭಾಗವನ್ನು ಆಲ್ಕೋಹಾಲ್ ಬೆರೆಸಿದ ದ್ರವದಿಂದ ಒರೆಸಿ, ಎಣ್ಣೆಯನ್ನೆಲ್ಲ ತೆಗೆದು, ಪ್ರಖರವಾದ ದೀಪವನ್ನು ಹಿಡಿದು ನೋಡುತ್ತಾನೆ. ಸಮಯದ ಅಭಾವದಿಂದಲೋ, ಲೇಪವು ತೆಳುವಾಗಿರುವುದರಿಂದಲೋ ಮುಚ್ಚುವುದೇ ಯುಕ್ತವೆಂದು ಕಂಡರೆ, ಹಾಗೆಂದು ಒಡೆಯನಿಗೆ ತಿಳಿಸಿ ಮುಚ್ಚುತ್ತಾನೆ. ಮುಚ್ಚುವುದರಲ್ಲಿ ದೋಷವಿಲ್ಲ, ಮುಚ್ಚಿದುದನ್ನು ತಿದ್ದಿದುದೆಂದು ಹೇಳುವುದರಲ್ಲಿ ದೋಷವಿದೆ. ಮುಖಸ್ತುತಿಗೂ ದಾಕ್ಷಿಣ್ಯಕ್ಕೂ ಇರುವ ಅಂತರವೂ ಇದೇ.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ತಿದ್ದುವವನು ಮೊದಲು ಇಷ್ಟು ಶುದ್ಧನಾಗಬೇಕೆಂದರೆ, ಲೋಕದಲ್ಲಿ ತಿದ್ದುವ ಅಧಿಕಾರವು ಯಾರಿಗೆ ಉಳಿಯುತ್ತದೆ? ತನ್ನಲ್ಲಿ ದೋಷವಿಲ್ಲದವನು ಯಾರು? ಪೂರ್ಣ ಶುದ್ಧಿಯನ್ನು ಕಾಯುತ್ತ ಕುಳಿತರೆ ತಾಯಿಯು ಮಗುವಿನ ಕೈಯಿಂದ ಬೆಂಕಿಕಡ್ಡಿಯನ್ನೂ ಕಸಿದುಕೊಳ್ಳುವಂತಿಲ್ಲ. ಎಷ್ಟೋ ಜನ ಪುಕ್ಕಲರು ‘ಹೇಳುವುದಕ್ಕೆ ನಾವು ಯಾರು’ ಎಂಬ ವಿನಯದ ಹೊದಿಕೆಯಲ್ಲಿ ತಮ್ಮ ಕರ್ತವ್ಯದಿಂದ ನುಸುಳಿಕೊಳ್ಳುವುದೂ ಇದೇ ವಾದದಿಂದ. ಈ ಆಕ್ಷೇಪವು ತೂಕವುಳ್ಳದ್ದು. ಆದರೆ ಪ್ಯಾಡಿನ ನಿಯಮವನ್ನು ಸರಿಯಾಗಿ ನೋಡಿದರೆ ಇದಕ್ಕೆ ಸಮಾಧಾನ ದೊರೆಯುತ್ತದೆ. ಪ್ಯಾಡು ಎಂದೂ ಬಳಸದ ಹೊಸದಾಗಿರಬೇಕೆಂದು ಯಾರೂ ಕೇಳುವುದಿಲ್ಲ. ಹತ್ತಾರು ಕಾರುಗಳನ್ನು ಕಂಡ, ಬಣ್ಣ ಮಾಸಿದ ಪ್ಯಾಡುಗಳೂ ಒಳ್ಳೆಯ ಕೆಲಸವನ್ನು ಮಾಡುತ್ತವೆ. ಅದರ ಪೂರ್ವಚರಿತ್ರೆಯನ್ನು ಯಾರೂ ವಿಚಾರಿಸುವುದಿಲ್ಲ. ಕೇಳುವುದಿಷ್ಟೇ: ಈ ಭಾಗವನ್ನು ಮುಟ್ಟುವ ಮುನ್ನ, ಹಿಂದಿನ ಭಾಗದ ಹುಡಿಯನ್ನು ಕೊಡವಿದೆಯೆ? ಅದಕ್ಕೆ ಬೇಕಾದುದು ಅರ್ಧ ನಿಮಿಷ. ಬೆಂಕಿಕಡ್ಡಿಯನ್ನು ಕಸಿದುಕೊಳ್ಳುವ ತಾಯಿಯು ಆ ಕ್ಷಣ ಕಾಯಬೇಕಾಗಿಲ್ಲ; ಆದರೆ ಕಡ್ಡಿಯು ಕೈಗೆ ಬಂದ ಮೇಲೆ ಬುದ್ಧಿ ಹೇಳುವುದಕ್ಕೆ ಅರ್ಧ ನಿಮಿಷವು ಎಲ್ಲ ಮನೆಗಳಲ್ಲಿಯೂ ಇರುತ್ತದೆ. ಶುದ್ಧಿಯೆಂಬುದು ಒಮ್ಮೆ ಗಳಿಸಿ ಇಟ್ಟುಕೊಳ್ಳುವ ಪದವಿಯಲ್ಲ; ಪ್ರತಿಯೊಂದು ಸಲವೂ ಮಾಡಬೇಕಾದ ಕೆಲಸ. ಹಾಗೆ ತಿಳಿದವನಿಗೆ ಅಹಂಕಾರಕ್ಕೂ ಎಡೆಯಿಲ್ಲ, ತಿದ್ದುವುದಕ್ಕೆ ಹಿಂಜರಿಯುವುದಕ್ಕೂ ಕಾರಣವಿಲ್ಲ.

ಮನುಷ್ಯನನ್ನು ಕಾರಿನ ಲೇಪಕ್ಕೆ ಎಲ್ಲ ಬಗೆಯಲ್ಲಿಯೂ ಹೋಲಿಸಲಾಗದೆಂಬುದನ್ನೂ ಇಲ್ಲಿ ಹೇಳಬೇಕು. ಲೇಪಕ್ಕೆ ತನ್ನ ಗೀರನ್ನು ತಾನೇ ತಿದ್ದಿಕೊಳ್ಳುವ ಇಚ್ಛೆಯಿಲ್ಲ. ಮನುಷ್ಯನಿಗೆ ಅದು ಇದೆ. ಹೊರಗಿನವನು ಎಷ್ಟು ಉಜ್ಜಿದರೂ, ಕಡೆಗೆ ತಿದ್ದಿಕೊಳ್ಳಬೇಕಾದವನು ಅವನೇ. ಲೇಪದಿಂದ ಹೋದ ಮೈಕ್ರಾನು ಮತ್ತೆ ಬೆಳೆಯುವುದಿಲ್ಲ; ಮನುಷ್ಯನ ಮನಸ್ಸು ಕಾಲಕ್ರಮದಲ್ಲಿ ಬೆಳೆಯಬಲ್ಲುದು, ಕ್ಷಮಿಸಬಲ್ಲುದು. ಈ ಅಂತರವು ಮನುಷ್ಯನ ಪಾಲಿಗೆ ಲಾಭ. ಆದರೆ ಇನ್ನೊಂದು ಅಂತರವೂ ಇದೆ. ಲೇಪವು ತನ್ನನ್ನು ಗೀರಿದವರು ಯಾರೆಂದು ನೆನಪಿಡುವುದಿಲ್ಲ, ಮನುಷ್ಯನು ನೆನಪಿಡುತ್ತಾನೆ. ತಂದೆಯ ಒರಟುತನವನ್ನು ನೆನಪಿಟ್ಟ ಮಗನು, ಮುಂದೆ ತನ್ನ ಮಗನನ್ನು ತಿದ್ದುವ ಹೊತ್ತು ಬಂದಾಗ ಅದೇ ಒರಟು ಪ್ಯಾಡನ್ನೇ ಎತ್ತಿಕೊಳ್ಳುವುದನ್ನು ಲೋಕವು ಕಂಡಿದೆ. ಕಾರಿನ ಗೀರು ಆ ಕಾರಿನೊಡನೆ ಮುಗಿಯುತ್ತದೆ. ಮನುಷ್ಯನ ಗೀರು ತಲೆಮಾರುಗಳಿಗೆ ಇಳಿಯಬಲ್ಲುದು. ಆದುದರಿಂದ ಒಂದು ಲೋಹದ ವಸ್ತುವಿನ ವಿಷಯದಲ್ಲಿ ಇಷ್ಟು ಎಚ್ಚರವು ಅವಶ್ಯವೆಂದು ಒಪ್ಪುವವರು, ಮನುಷ್ಯರ ವಿಷಯದಲ್ಲಿ ಅದಕ್ಕಿಂತ ಕಡಿಮೆ ಎಚ್ಚರವು ಸಾಕೆಂದು ಹೇಳಲಾರರು.

ಹೀಗಾಗಿ ಆರಂಭದ ಪ್ರಶ್ನೆಗೆ ಉತ್ತರವು ಇಷ್ಟಾಗುತ್ತದೆ. ಉದ್ದೇಶವು ಒಳ್ಳೆಯದಾಗಿರಬೇಕು, ಎದುರಿನವನ ತಪ್ಪು ನಿಜವಾಗಿರಬೇಕು. ಆದರೆ ಇವೆರಡೂ ಸಾಲವು. ತಿದ್ದುವ ಮನಸ್ಸು ಒಣಗಿರಬಾರದು; ಹಿತವು ಮಾತಿಗೂ ಧ್ವನಿಗೂ ಹೊತ್ತಿಗೂ ಹರಡಿರಬೇಕು. ಸಾಧ್ಯವಾದಷ್ಟು ಮೃದುವಾದುದರಿಂದ ತೊಡಗಬೇಕು. ಎಲ್ಲಿ ನಿಲ್ಲಿಸಬೇಕೆಂಬುದು ತಿಳಿದಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಒಬ್ಬರಿಂದ ತೆಗೆದ ಕೊಳೆಯನ್ನು ಇನ್ನೊಬ್ಬರ ಮೇಲೆ ಒಯ್ಯಬಾರದು. ಈ ಸಿದ್ಧತೆಯನ್ನು ಯಾರೂ ಹೊಗಳುವುದಿಲ್ಲ. ಕಾರನ್ನು ಒಯ್ಯಲು ಬಂದ ಒಡೆಯನು ಹೊಳಪನ್ನು ನೋಡುತ್ತಾನೆಯೇ ಹೊರತು, ಮೂಲೆಯಲ್ಲಿ ತೊಳೆದು ಒಣಹಾಕಿದ ಪ್ಯಾಡುಗಳ ಕಡೆಗೆ ಕಣ್ಣು ಹಾಯಿಸುವುದಿಲ್ಲ. ಆದರೆ ಮರುದಿನ ಬರಲಿರುವ ಇನ್ನೊಂದು ಕಾರಿನ ಗತಿಯು ಆ ಪ್ಯಾಡುಗಳನ್ನು ಎಷ್ಟು ಚೆನ್ನಾಗಿ ತೊಳೆದಿದೆ ಎಂಬುದರ ಮೇಲೆಯೇ ನಿಂತಿದೆ.